ನೆಲೆ ಮತ್ತು ಆಟಗಾರರ ಸೇರ್ಪಡೆ: ಕಡೂರು, ತರೀಕೆರೆ, ಅಜ್ಜಂಪುರಗಳ ನಿದರ್ಶನ

ಒಂದು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಸೋಲುಗೆಲುವುಗಳಿಗೂ ಆ ಕಾಲೇಜು ಭೂಪಟದ ಮೇಲೆ ಎಲ್ಲಿ ನೆಲಸಿದೆ ಎಂಬುದಕ್ಕೂ ಏನಾದರೂ ಸಂಬಂಧವಿದೆಯೆ? ಆಟವನ್ನು ಗೆಲ್ಲಿಸುವುದು ಆಟಗಾರನ ಶಕ್ತಿ ಮತ್ತು ಅವನ ಶಿಕ್ಷಕನ ಜಾಣ್ಮೆ. ಇದರಲ್ಲಿ ಭೂಗೋಳದ ಪಾತ್ರವೇನು ಎಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಆಟಗಾರನು ತಂಡಕ್ಕೆ ಬಂದು ಸೇರಬೇಕಾದರೆ ಅವನು ಯಾವುದೋ ಒಂದು ಊರಿನಿಂದ ಇನ್ನೊಂದು ಊರಿಗೆ ಬರಲೇಬೇಕು. ಊರಿಂದೂರಿಗೆ ಜನ ಚಲಿಸುವಲ್ಲೆಲ್ಲ ದೂರದ ನಿಯಮಗಳು ತಮ್ಮ ಪ್ರಭಾವವನ್ನು ಬೀರುತ್ತವೆ. ಈ ನಿಯಮಗಳನ್ನು ಒಂದು ಅನುಕರಣ ಕ್ರೀಡೆಯ ಮೂಲಕ ಸ್ಪಷ್ಟಪಡಿಸಿ, ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ನೆರೆಯೂರುಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅನುಕರಣ ಕ್ರೀಡೆಯ ಸ್ವರೂಪ

ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲಿಗೆ ಇರುವ ಪ್ರಾಮುಖ್ಯವು ಸುವಿದಿತವಾದದ್ದು. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ರಚಿಸಿದ ಈ ಆಟ, ಹುಟ್ಟಿದ್ದೇ ಒಂದು ವಿದ್ಯಾಸಂಸ್ಥೆಯಲ್ಲಿ. ಭಾರತಕ್ಕೆ ಇದನ್ನು ತಂದು ಹರಡಿದ್ದೂ ವೈ.ಎಂ.ಸಿ.ಎ. ಸಂಸ್ಥೆಯೇ, 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಶಾಲೆಯು ಈ ಕಾರ್ಯದಲ್ಲಿ ಮುಖ್ಯ ಪಾತ್ರವನ್ನು ವಹಿಸಿತು.

ಅಮೆರಿಕದ ಕಾಲೇಜು ತಂಡಗಳ ವ್ಯವಹಾರವನ್ನು ಅನುಕರಿಸುವ ಗಣಕಯಂತ್ರದ ಆಟಗಳು ಹಲವಿವೆ. 'ಹೂಪ್ಸ್ ಡೈನಸ್ಟಿ' ಅವುಗಳಲ್ಲೊಂದು. ಇಂಥ ಆಟದಲ್ಲಿ ಭಾಗಿಯಾದವನು ಚೆಂಡನ್ನು ಮುಟ್ಟುವುದಿಲ್ಲ; ಅವನು ಒಂದು ಕಾಲೇಜಿನ ತರಬೇತುದಾರನ ಸ್ಥಾನದಲ್ಲಿರುತ್ತಾನೆ. ಪ್ರತಿ ವರ್ಷದ ಕೊನೆಯಲ್ಲಿ ಹಿರಿಯ ವಿದ್ಯಾರ್ಥಿಗಳು ಪದವಿ ಪಡೆದು ಹೊರಟುಹೋಗುತ್ತಾರೆ. ತೆರವಾದ ಸ್ಥಾನಗಳಿಗೆ ಪ್ರೌಢಶಾಲೆಗಳಿಂದ ಹೊಸ ಹುಡುಗರನ್ನು ಹುಡುಕಿ ತರಬೇಕು. ಇದಕ್ಕೆ ಅವನಲ್ಲಿರುವ ಹಣ ಪರಿಮಿತವಾದದ್ದು. ಹುಡುಗನ ಮನೆಗೆ ಹೋಗಿ ಬರುವ ಖರ್ಚು, ಅವನನ್ನು ಕಾಲೇಜಿಗೆ ಕರೆಸಿಕೊಳ್ಳುವ ಖರ್ಚು, ಇವು ದೂರ ಹೆಚ್ಚಿದಂತೆಲ್ಲ ಹೆಚ್ಚುತ್ತವೆ. ಅದೇ ಹುಡುಗನಿಗಾಗಿ ಇತರ ಕಾಲೇಜುಗಳೂ ಸ್ಪರ್ಧಿಸುತ್ತಿರುತ್ತವೆ. ಆದುದರಿಂದ ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಬಾರದು ಎಂಬ ವಿವೇಕವೇ ಈ ಆಟದ ಜೀವಾಳ.

ದೂರ ಎಂಬ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು ವೆಚ್ಚದ ದೂರ: ಪ್ರಯಾಣಕ್ಕೆ ತಗಲುವ ಹಣ ಮತ್ತು ಕಾಲ. ಎರಡನೆಯದು ತಿಳಿವಿನ ದೂರ: ಹತ್ತಿರದ ಹುಡುಗನ ಆಟ ಕಣ್ಣಿಗೆ ಬೀಳುತ್ತದೆ, ದೂರದವನ ಹೆಸರೂ ಕಿವಿಗೆ ಬೀಳುವುದಿಲ್ಲ. ಮೂರನೆಯದು ಮನಸ್ಸಿನ ದೂರ: ಮನೆಯನ್ನು ಬಿಟ್ಟು ಹೋಗಲು ಕೆಲವರು ಹಿಂಜರಿಯುತ್ತಾರೆ, ಕೆಲವರು ಕಾತರಿಸುತ್ತಾರೆ. ಈ ಮೂರನ್ನೂ ಬೇರ್ಪಡಿಸಿ ನೋಡದಿದ್ದರೆ ಮುಂದಿನ ವಿವೇಚನೆಯು ಗೊಂದಲಕ್ಕೀಡಾಗುತ್ತದೆ.

ದೂರದ ನಿಯಮಗಳು

ಜನಸಂಚಾರದ ಬಗೆಗೆ ಮೊದಲು ವ್ಯವಸ್ಥಿತವಾಗಿ ಬರೆದವರಲ್ಲಿ ರೇವನ್‌ಸ್ಟೈನ್ ಪ್ರಮುಖನು. ವಲಸೆ ಹೋಗುವವರಲ್ಲಿ ಬಹುಪಾಲು ಜನ ಅಲ್ಪ ದೂರವನ್ನು ಮಾತ್ರ ಕ್ರಮಿಸುತ್ತಾರೆ ಎಂಬುದು 1885ರಲ್ಲಿ ಅವನು ಮಂಡಿಸಿದ ನಿಯಮಗಳಲ್ಲೊಂದು. 1931ರಲ್ಲಿ ರೈಲಿ ಎಂಬ ಅಮೆರಿಕದ ವಿದ್ವಾಂಸನು, ಎರಡು ಪಟ್ಟಣಗಳ ನಡುವಿನ ಗ್ರಾಹಕನನ್ನು ಅವು ತಮ್ಮ ಗಾತ್ರಕ್ಕೆ ಅನುಗುಣವಾಗಿಯೂ ದೂರದ ವರ್ಗಕ್ಕೆ ವಿಲೋಮವಾಗಿಯೂ ಆಕರ್ಷಿಸುತ್ತವೆ ಎಂದು ಗುರುತ್ವಾಕರ್ಷಣದ ಮಾದರಿಯಲ್ಲಿ ನಿರೂಪಿಸಿದನು. 1940ರಲ್ಲಿ ಸ್ಟೌಫರ್ ಇದಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸಿದನು: ಮನುಷ್ಯನನ್ನು ತಡೆಯುವುದು ಬರಿಯ ಮೈಲಿಗಳಲ್ಲ, ದಾರಿಯ ನಡುವೆ ಸಿಗುವ ಇತರ ಅವಕಾಶಗಳು.

ಈ ವಿಚಾರಗಳನ್ನು ಕ್ರೀಡೆಗೆ ಅನ್ವಯಿಸಿದ ಕೀರ್ತಿ ಭೂಗೋಳಶಾಸ್ತ್ರಜ್ಞ ಜಾನ್ ರೂನಿಯದು. 1969ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅವನು ಅಮೆರಿಕದ ಫುಟ್‌ಬಾಲ್ ಆಟಗಾರರ ಹುಟ್ಟೂರುಗಳನ್ನು ಭೂಪಟದಲ್ಲಿ ಗುರುತಿಸಿದನು. 1980ರಲ್ಲಿ ಕಾಲೇಜುಗಳಿಗೆ ಆಟಗಾರರನ್ನು ಸೇರಿಸಿಕೊಳ್ಳುವ ಪದ್ಧತಿಯನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥವನ್ನು ಬರೆದನು. ಕೆಲವು ಪ್ರದೇಶಗಳು ತಮ್ಮ ಕಾಲೇಜುಗಳ ಅಗತ್ಯಕ್ಕಿಂತ ಹೆಚ್ಚು ಆಟಗಾರರನ್ನು ಬೆಳೆಸುತ್ತವೆ, ಕೆಲವು ಕಡಮೆ ಬೆಳೆಸುತ್ತವೆ. ಮೊದಲನೆಯವುಗಳಿಂದ ಎರಡನೆಯವುಗಳ ಕಡೆಗೆ ಆಟಗಾರರ ಪ್ರವಾಹ ಹರಿಯುತ್ತದೆ ಎಂಬುದು ಅವನ ವಿವೇಚನೆಯ ತಿರುಳು. ಆದಕಾರಣ ತರಬೇತುದಾರನಿಗೆ ಅತ್ಯುತ್ತಮವಾದ ನೆಲೆ ಯಾವುದೆಂದರೆ, ಆಟಗಾರರು ಅತ್ಯಧಿಕವಾಗಿರುವ ಸ್ಥಳವಲ್ಲ. ಸ್ಪರ್ಧಿಸುವ ಕಾಲೇಜೊಂದಕ್ಕೆ ಲೆಕ್ಕಹಾಕಿದರೆ ಆಟಗಾರರು ಅತ್ಯಧಿಕವಾಗಿರುವ ಸ್ಥಳ. ಮಹಾನಗರದಲ್ಲಿ ಹುಡುಗರು ಸಾವಿರ ಇರಬಹುದು. ಅವರ ಬಾಗಿಲಲ್ಲಿ ನಿಂತ ಕಾಲೇಜುಗಳೂ ಅನೇಕ.

ಮೂರು ಊರುಗಳ ನೆಲೆ

ಈಗ ನಮ್ಮ ಮೂರು ಊರುಗಳತ್ತ ತಿರುಗೋಣ. ಮೂರೂ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಅಜ್ಜಂಪುರವು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ತರೀಕೆರೆಯು ಬಾಬಾಬುಡನ್ ಬೆಟ್ಟಗಳ ಅಡಿಯಲ್ಲಿ, ಮಲೆನಾಡಿನ ಸೆರಗಿನಲ್ಲಿದೆ. ಕಡೂರು ಮತ್ತು ಅಜ್ಜಂಪುರಗಳು ಬಯಲುಸೀಮೆಯವು. ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರದಿಂದ ಅಜ್ಜಂಪುರದ ಹೆಸರು ದೂರದೂರಕ್ಕೆ ತಿಳಿದಿದೆ.

ಇವುಗಳ ಪರಸ್ಪರ ಸಂಬಂಧವನ್ನು ನಿರ್ಧರಿಸುವ ಸ್ಥಳ ಇವುಗಳಲ್ಲಿ ಯಾವುದೂ ಅಲ್ಲ, ಬೀರೂರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗವು ಕಡೂರನ್ನು ದಾಟಿ ಬೀರೂರಿಗೆ ಬರುತ್ತದೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಮುಖ್ಯಮಾರ್ಗ ಅಜ್ಜಂಪುರದ ಮೂಲಕ ಹೊಸದುರ್ಗ ರೋಡ್, ಚಿಕ್ಕಜಾಜೂರುಗಳತ್ತ ಸಾಗುತ್ತದೆ. ಇನ್ನೊಂದು ಕವಲು ತರೀಕೆರೆ, ಭದ್ರಾವತಿಗಳನ್ನು ಹಾದು ಶಿವಮೊಗ್ಗಕ್ಕೆ ಹೋಗುತ್ತದೆ. ಹೀಗಾಗಿ ತರೀಕೆರೆಗೂ ಅಜ್ಜಂಪುರಕ್ಕೂ ನಡುವಣ ನೆಲದ ದೂರ ಅಲ್ಪವಾದರೂ, ರೈಲಿನಲ್ಲಿ ಹೋಗುವವನು ಬೀರೂರಿಗೆ ಬಂದು, ಗಾಡಿ ಬದಲಿಸಿ, ಮತ್ತೊಂದು ಕವಲನ್ನು ಹಿಡಿಯಬೇಕು. ಕಡೂರು, ಬೀರೂರು, ತರೀಕೆರೆಗಳು ರಾಷ್ಟ್ರೀಯ ಹೆದ್ದಾರಿಯ ಮೇಲಿವೆ; ಅಜ್ಜಂಪುರ ಅದರಿಂದ ಪಕ್ಕಕ್ಕೆ ಸರಿದಿದೆ. 2013ರಲ್ಲಿ ಕಡೂರು-ಚಿಕ್ಕಮಗಳೂರು ರೈಲುಮಾರ್ಗ ಆರಂಭವಾದ ಮೇಲೆ ಕಡೂರಿಗೆ ಜಿಲ್ಲಾ ಕೇಂದ್ರದೊಡನೆ ಹೊಸದೊಂದು ಸಂಪರ್ಕವೂ ದೊರಕಿತು.

ಅನುಕರಣ ಕ್ರೀಡೆಯು ದೂರವನ್ನು ಮೈಲಿಗಳಲ್ಲಿ ಅಳೆಯುತ್ತದೆ. ಆದರೆ ನಮ್ಮ ವಿದ್ಯಾರ್ಥಿಗೆ ದೂರವೆಂದರೆ ವೇಳಾಪಟ್ಟಿ. ಆಟದ ಅಭ್ಯಾಸ ನಡೆಯುವುದು ತರಗತಿಗಳು ಮುಗಿದ ಮೇಲೆ, ಸಂಜೆ. ಊರಿಗೆ ಹೋಗುವ ಕೊನೆಯ ಬಸ್ಸು ಅಭ್ಯಾಸಕ್ಕೆ ಮೊದಲೇ ಹೊರಡುವುದಾದರೆ ಹತ್ತು ಕಿಲೋಮೀಟರ್ ದೂರದ ಹಳ್ಳಿಯೂ ನೂರು ಕಿಲೋಮೀಟರ್ ದೂರದಲ್ಲಿದ್ದಂತೆಯೇ ಸರಿ. ಹೆದ್ದಾರಿಯ ಪಕ್ಕದ ಊರಿನ ಹುಡುಗನು ಮೂವತ್ತು ಕಿಲೋಮೀಟರಿನಿಂದ ನಿತ್ಯ ಬಂದು ಹೋಗಬಲ್ಲನು. ಒಳಹಳ್ಳಿಯವನಿಗೆ ಅದರ ಮೂರನೆಯ ಒಂದು ಭಾಗವೂ ದುಸ್ಸಾಧ್ಯವಾಗಬಹುದು.

ವಿದ್ಯಾರ್ಥಿನಿಯರ ವಿಷಯದಲ್ಲಿ ಈ ಭೇದ ಇನ್ನಷ್ಟು ಸ್ಪಷ್ಟ. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ವೆಚ್ಚದ ದೂರದಲ್ಲಿ ಹಣದ ಅಂಶ ಹೀಗೆ ಅಳಿಸಿಹೋಯಿತು. ಕಾಲದ ಅಂಶ ಮಾತ್ರ ಹಾಗೆಯೇ ಉಳಿಯಿತು. ಕತ್ತಲಾಗುವ ಮೊದಲು ಮಗಳು ಮನೆ ಸೇರಬೇಕೆಂಬ ತಂದೆತಾಯಿಗಳ ಆತಂಕವನ್ನು ಟಿಕೆಟ್ಟಿನ ದರ ನಿವಾರಿಸಲಾರದು. ಅಂಥ ಸಂದರ್ಭದಲ್ಲಿ ಅಭ್ಯಾಸವನ್ನು ಸಂಜೆಯಿಂದ ಮುಂಜಾನೆಗೆ ಬದಲಿಸುವ ಶಿಕ್ಷಕನು, ಒಂದು ಕಾಸೂ ವೆಚ್ಚವಿಲ್ಲದೆ ತನ್ನ ಕಾಲೇಜನ್ನು ಆ ಹಳ್ಳಿಗಳಿಗೆ ಹತ್ತಿರ ತಂದಂತಾಗುತ್ತದೆ.

ಒಂದು ಗಣನೆ

ನಿಯಮದ ಪರಿಣಾಮವನ್ನು ಅಂಕಿಗಳಲ್ಲಿ ತೋರಿಸಲು ಒಂದು ಕಲ್ಪಿತ ಉದಾಹರಣೆಯನ್ನು ಪರಿಗಣಿಸೋಣ. ಇದರಲ್ಲಿನ ಸಂಖ್ಯೆಗಳು ವಿವರಣೆಗಾಗಿ ಊಹಿಸಿಕೊಂಡವು. ಯಾವ ಕಾಲೇಜಿನ ಮೌಲ್ಯಮಾಪನವೂ ಅಲ್ಲ. ಅಜ್ಜಂಪುರದ ಸಮೀಪದ ಒಂದು ಹಳ್ಳಿಯಲ್ಲಿ ಎತ್ತರದ, ಚುರುಕಾದ ಒಬ್ಬ ವಿದ್ಯಾರ್ಥಿ ಇದ್ದಾನೆಂದು ಭಾವಿಸೋಣ. ಅವನಿಂದ ಅಜ್ಜಂಪುರದ ಕಾಲೇಜು 5, ತರೀಕೆರೆಯದು 20, ಕಡೂರಿನದು 30, ಶಿವಮೊಗ್ಗದ್ದು 60 ಕಿಲೋಮೀಟರ್ ದೂರದಲ್ಲಿರಲಿ. ಅಂಗಣ, ತರಬೇತಿ, ಹೆಸರು ಇವೆಲ್ಲವನ್ನೂ ಕೂಡಿಸಿದ ಆಕರ್ಷಣ ಮೌಲ್ಯ ಕ್ರಮವಾಗಿ 2, 4, 4, 12 ಎಂದಿರಲಿ.

ಆಕರ್ಷಣೆಯು ದೂರಕ್ಕೆ ನೇರವಾಗಿ ವಿಲೋಮವಾಗಿದ್ದರೆ, ಮೌಲ್ಯವನ್ನು ದೂರದಿಂದ ಭಾಗಿಸಬೇಕು. ಆಗ ಬರುವ ಪ್ರಮಾಣಗಳು 0.40, 0.20, 0.13, 0.20. ಇವುಗಳ ಮೊತ್ತಕ್ಕೆ ಹೋಲಿಸಿದರೆ, ಅವನು ಅಜ್ಜಂಪುರವನ್ನು ಆರಿಸಿಕೊಳ್ಳುವ ಸಂಭವ ಶೇಕಡಾ 43, ತರೀಕೆರೆ ಮತ್ತು ಶಿವಮೊಗ್ಗ ತಲಾ 21, ಕಡೂರು 14. ದೂರದ ವರ್ಗಕ್ಕೆ ವಿಲೋಮವಾಗಿದ್ದರೆ, ಅಂದರೆ ಪ್ರಯಾಣ ಬಹು ಕಷ್ಟವಾಗಿದ್ದರೆ, ಅಜ್ಜಂಪುರದ ಪಾಲು ಶೇಕಡಾ 82ಕ್ಕೆ ಏರುತ್ತದೆ. ತರೀಕೆರೆಯದು 10ಕ್ಕೆ, ಕಡೂರಿನದು 5ಕ್ಕೆ, ಶಿವಮೊಗ್ಗದ್ದು 3ಕ್ಕೆ ಇಳಿಯುತ್ತದೆ. ಇನ್ನು ದೂರವು ಲೆಕ್ಕಕ್ಕೇ ಬರದ ಸ್ಥಿತಿಯನ್ನು ಊಹಿಸೋಣ: ಎಲ್ಲ ಕಡೆಯೂ ಉಚಿತ ವಿದ್ಯಾರ್ಥಿನಿಲಯವಿದೆ, ಊಟವಿದೆ, ಮನೆಯವರ ಒಪ್ಪಿಗೆಯೂ ಇದೆ. ಆಗ ಮೌಲ್ಯ ಮಾತ್ರ ಉಳಿಯುತ್ತದೆ. ಶಿವಮೊಗ್ಗದ ಪಾಲು ಶೇಕಡಾ 55, ತರೀಕೆರೆ ಮತ್ತು ಕಡೂರು ತಲಾ 18, ಅಜ್ಜಂಪುರ 9.

ಈ ಮೂರು ಫಲಿತಾಂಶಗಳನ್ನು ಒಟ್ಟಿಗೆ ನೋಡಿದಾಗ ಒಂದು ಮುಖ್ಯ ಸಂಗತಿ ವಿದಿತವಾಗುತ್ತದೆ. ಸಣ್ಣ ಕಾಲೇಜಿಗೆ ಅದರ ನೆಲೆಯೇ ಆಸ್ತಿ. ಆದರೆ ಪ್ರಯಾಣವು ಕಷ್ಟವಾಗಿರುವಷ್ಟು ಕಾಲ ಮಾತ್ರ ಅದು ಆಸ್ತಿ. ರಸ್ತೆ ಸುಧಾರಿಸಿದಂತೆ, ವಿದ್ಯಾರ್ಥಿನಿಲಯಗಳು ಹೆಚ್ಚಿದಂತೆ, ಆ ಆಸ್ತಿ ಕರಗುತ್ತ ಹೋಗುತ್ತದೆ. ಇದಕ್ಕೆ ಸಾಕ್ಷಿಯನ್ನು ನಾವು ಕರ್ನಾಟಕದಲ್ಲಿಯೇ ಕಾಣಬಹುದು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಪ್ರತಿಭಾವಂತ ಕ್ರೀಡಾಪಟುಗಳಿಗೆ ಉಚಿತ ವಿದ್ಯೆ ಮತ್ತು ವಸತಿಗಳನ್ನು ಒದಗಿಸಿ ದೂರದ ಜಿಲ್ಲೆಗಳಿಂದಲೂ ಅವರನ್ನು ಸೇರಿಸಿಕೊಂಡಿದೆ. ಮಂಗಳೂರು ವಿಶ್ವವಿದ್ಯಾನಿಲಯವು ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್‌ನಲ್ಲಿ ಪಡೆದ ಪ್ರಶಸ್ತಿಗಳ ಹಿಂದೆ ಈ ಪದ್ಧತಿಯ ಫಲವಿದೆ. ಮೂಡುಬಿದಿರೆಯು ಮಹಾನಗರವಲ್ಲ. ನೆಲೆಯ ಕೊರತೆಯನ್ನು ವಸತಿಯ ಸೌಕರ್ಯದಿಂದ ತುಂಬಿಕೊಳ್ಳಬಹುದೆಂಬುದಕ್ಕೆ ಅದು ಒಳ್ಳೆಯ ದೃಷ್ಟಾಂತ.

ತಿಳಿವಿನ ದೂರ

ವೆಚ್ಚದ ದೂರ ಕರಗಿದರೂ ತಿಳಿವಿನ ದೂರ ಅಷ್ಟು ಸುಲಭವಾಗಿ ಕರಗುವುದಿಲ್ಲ. ಸ್ವೀಡನ್ನಿನ ಭೂಗೋಳಶಾಸ್ತ್ರಜ್ಞ ಹೇಗರ್‌ಸ್ಟ್ರಾಂಡ್ 1953ರಲ್ಲಿ ಹೊಸ ಕೃಷಿಪದ್ಧತಿಗಳು ಹಳ್ಳಿಯಿಂದ ಹಳ್ಳಿಗೆ ಹರಡುವುದನ್ನು ಅಭ್ಯಸಿಸಿದನು. ನೆಲವನ್ನು ಐದು ಕಿಲೋಮೀಟರ್ ಬದಿಯ ಚೌಕಗಳಾಗಿ ವಿಭಾಗಿಸಿ, ಒಬ್ಬನ ಮಾತು ಯಾವ ಚೌಕದವನಿಗೆ ತಲಪುತ್ತದೆ ಎಂಬುದರ ಸಂಭವವನ್ನು ಲೆಕ್ಕಹಾಕಿದನು. ಇಪ್ಪತ್ತೈದು ಚೌಕಗಳ ಆ ಕ್ಷೇತ್ರದಲ್ಲಿ ಮಧ್ಯದ ಒಂದೇ ಚೌಕಕ್ಕೆ ಶೇಕಡಾ 44ರಷ್ಟು ಸಂಭವ. ಮೂಲೆಯ ಚೌಕಕ್ಕೆ ಶೇಕಡಾ 1ಕ್ಕೂ ಕಡಮೆ. ಸುದ್ದಿಯ ಬಹುಭಾಗ ನೆರೆಹೊರೆಯಲ್ಲೇ ಸುತ್ತುತ್ತದೆ ಎಂಬುದು ಇದರ ಅರ್ಥ.

ಆಟಗಾರನನ್ನು ಗುರುತಿಸುವುದೂ ಒಂದು ಬಗೆಯ ಸುದ್ದಿಯೇ. ತರಬೇತುದಾರನಲ್ಲಿ 100 ಬಿಲ್ಲೆಗಳಿದ್ದು, ಒಂದು ಚೌಕವನ್ನು ದಾಟಲು ಒಂದು ಬಿಲ್ಲೆ ಬೇಕೆಂದಿಟ್ಟುಕೊಂಡರೆ, 10 ಕಿಲೋಮೀಟರ್ ದೂರದ ಹುಡುಗನನ್ನು ನೋಡಿಬರಲು 4 ಬಿಲ್ಲೆಗಳು ಸಾಕು. ಅಂಥ 25 ಜನರನ್ನು ನೋಡಬಹುದು. 60 ಕಿಲೋಮೀಟರ್ ದೂರದವನಿಗೆ 24 ಬಿಲ್ಲೆಗಳು ಬೇಕು. ನಾಲ್ವರನ್ನು ಮಾತ್ರ ನೋಡಬಹುದು. ಇತ್ತ ವೃತ್ತದ ತ್ರಿಜ್ಯ ಇಮ್ಮಡಿಯಾದರೆ ಅದರ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಅದರೊಳಗಿನ ಹುಡುಗರ ಸಂಖ್ಯೆಯೂ ಸುಮಾರಾಗಿ ಅಷ್ಟೇ ಬೆಳೆಯುತ್ತದೆ. ಆದುದರಿಂದ ಹಣವುಳ್ಳವನಿಗೆ ದೊಡ್ಡ ವೃತ್ತ ಬಹು ಲಾಭಕರ, ಹಣವಿಲ್ಲದವನಿಗೆ ನಿರರ್ಥಕ. ಅಲ್ಪ ಸಾಧನದ ಕಾಲೇಜು ತನ್ನ ಸುತ್ತಣ ಸಣ್ಣ ವೃತ್ತವನ್ನು ಯಾರಿಗೂ ಇಲ್ಲದಷ್ಟು ಚೆನ್ನಾಗಿ ಬಲ್ಲದ್ದಾಗಿರುವುದೇ ಅದಕ್ಕೆ ವಿವೇಕದ ಮಾರ್ಗ.

ಬ್ಯಾಸ್ಕೆಟ್‌ಬಾಲಿನಲ್ಲಿ ಈ ಮಾತಿಗೆ ವಿಶೇಷ ಬೆಲೆಯುಂಟು. ಅಂಗಣದಲ್ಲಿ ಒಂದು ಪಕ್ಷಕ್ಕೆ ಐವರೇ, 3.05 ಮೀಟರ್ ಎತ್ತರದ ಬಳೆಯ ಕೆಳಗೆ ಒಬ್ಬ ಎತ್ತರದ ಆಟಗಾರ ಸೇರಿದರೆ ಇಡೀ ತಂಡದ ಸ್ವರೂಪವೇ ಬದಲಾಗುತ್ತದೆ. ಆದರೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ಅಂಗಣ ಹಳ್ಳಿಯ ಶಾಲೆಯಲ್ಲಿ ವಿರಳ. ಅಲ್ಲಿ ಹುಡುಗರು ಆಡುವುದು ಕಬಡ್ಡಿ, ಖೋ-ಖೋ, ವಾಲಿಬಾಲ್. ಆದಕಾರಣ ಬ್ಯಾಸ್ಕೆಟ್‌ಬಾಲ್ ಆಡುವವರನ್ನು ಮಾತ್ರ ಹುಡುಕುವ ಶಿಕ್ಷಕನಿಗೆ ಈ ಪ್ರದೇಶ ಬರಡಾಗಿ ಕಾಣುತ್ತದೆ. ವಾಲಿಬಾಲಿನ ಬಲೆಯ ಬಳಿ ನೆಗೆಯುವವನಲ್ಲಿ, ಖೋ-ಖೋದಲ್ಲಿ ಥಟ್ಟನೆ ದಿಕ್ಕು ಬದಲಿಸುವವಳಲ್ಲಿ ಮುಂದಿನ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಕಾಣಬಲ್ಲವನಿಗೆ ತಾಲ್ಲೂಕು ಮಟ್ಟದ ಪ್ರೌಢಶಾಲಾ ಕ್ರೀಡಾಕೂಟವೇ ಸಮೃದ್ಧವಾದ ಕ್ಷೇತ್ರ. ದೂರದ ಕಾಲೇಜಿನವನು ಅಲ್ಲಿಗೆ ಬರುವುದಿಲ್ಲ. ಬಂದರೂ ಒಂದು ದಿನ. ಊರಿನವನಿಗೆ ಮೂರು ವರ್ಷ ನೋಡುವ ಅವಕಾಶವಿದೆ.

ಮಾದರಿಯ ಮಿತಿಗಳು

ಅಮೆರಿಕದ ಅನುಕರಣ ಕ್ರೀಡೆಯನ್ನು ನಮ್ಮ ಸ್ಥಿತಿಗೆ ಯಥಾವತ್ತಾಗಿ ಅನ್ವಯಿಸಲಾಗದು. ನಮ್ಮಲ್ಲಿ ಪದವಿ ಕಾಲೇಜಿನ ಪ್ರವೇಶವು ಮುಖ್ಯವಾಗಿ ಅಂಕಗಳನ್ನೂ ಮೀಸಲಾತಿಯನ್ನೂ ಅವಲಂಬಿಸಿದೆ. ಕ್ರೀಡೆಗೆಂದು ಮೀಸಲಾದ ಸ್ಥಾನಗಳು ಕೆಲವೇ. ವಿದ್ಯಾರ್ಥಿಯ ಮನೆಬಾಗಿಲಿಗೆ ಹೋಗಿ ಕರೆಯುವ ಸಂಪ್ರದಾಯ ನಮ್ಮ ಸಾಮಾನ್ಯ ಕಾಲೇಜುಗಳಲ್ಲಿಲ್ಲ. ಮೇಲಾಗಿ ನಮ್ಮ ಸ್ಪರ್ಧೆಗಳ ಗಡಿ ವಿಶ್ವವಿದ್ಯಾನಿಲಯದ ಗಡಿ. ಈ ಮೂರು ಊರುಗಳು ಮೊದಲು ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪಿತವಾದ ಮೇಲೆ ಅದರ ಕ್ಷೇತ್ರಕ್ಕೆ ಸೇರಿದವು. ಅದರ ಕೇಂದ್ರವಾದ ಶಂಕರಘಟ್ಟವು ತರೀಕೆರೆಗೆ ಸಮೀಪದಲ್ಲಿದೆ. ವಿಶ್ವವಿದ್ಯಾನಿಲಯದ ತಂಡದ ಆಯ್ಕೆಗೆ ಹೋಗಬೇಕಾದ ಹುಡುಗನಿಗೆ ಮೈಸೂರಿನ ದಾರಿಯೂ ಶಂಕರಘಟ್ಟದ ದಾರಿಯೂ ಒಂದೇ ಅಲ್ಲ. ಆಡಳಿತದ ಒಂದು ಗೆರೆ ಬದಲಾದರೆ ಊರಿನ ನೆಲೆಯೇ ಬದಲಾದಂತೆ ಎಂಬುದಕ್ಕೆ ಇದು ಉದಾಹರಣೆ.

ಎಲ್ಲಕ್ಕಿಂತ ಮಿಗಿಲಾಗಿ, ಆಟದಲ್ಲಿ ಹುಡುಗನು ಒಂದು ಅಂಕಿಗಳ ಕಂತೆ. ನಿಜದಲ್ಲಿ ಅವನು ವಿದ್ಯಾರ್ಥಿ. ತರಬೇತುದಾರನ ದೃಷ್ಟಿಯಿಂದ, ಅಜ್ಜಂಪುರದ ಹುಡುಗ ಶಿವಮೊಗ್ಗಕ್ಕೋ ಮೂಡುಬಿದಿರೆಗೋ ಹೋದರೆ ಊರಿನ ಕಾಲೇಜಿಗೆ ನಷ್ಟ. ಹುಡುಗನ ದೃಷ್ಟಿಯಿಂದ ಅದು ಲಾಭವಾಗಿರಬಹುದು. ಇವೆರಡರಲ್ಲಿ ಯಾವುದು ಹೆಚ್ಚು ಎಂಬ ಪ್ರಶ್ನೆಗೆ ಯಾವ ಸೂತ್ರವೂ ಉತ್ತರ ಕೊಡಲಾರದು. ಆದರೆ ಯಾರ ಕಣ್ಣಿಗೂ ಬೀಳದೆ, ಯಾವ ಅಂಗಣವನ್ನೂ ಮೆಟ್ಟದೆ ಹತ್ತನೆಯ ತರಗತಿಗೇ ಆಟವನ್ನು ಬಿಡುವ ಹುಡುಗ ಅಥವಾ ಹುಡುಗಿಯಿಂದ ಎರಡು ಕಡೆಗೂ ನಷ್ಟವೇ. ನೆಲೆಯ ಅತ್ಯಂತ ಕ್ರೂರವಾದ ಪರಿಣಾಮ ಇದು; ಇದನ್ನು ತಡೆಯಬಲ್ಲವರು ಹತ್ತಿರದಲ್ಲಿರುವವರೇ.

ತರಗತಿಗೆ ಒಂದು ಪ್ರಯೋಗ

ಈ ವಿಷಯವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಗಣಕಯಂತ್ರವೇನೂ ಬೇಕಿಲ್ಲ. ಒಂದು ಚೌಕಳಿ ಕಾಗದದ ಮೇಲೆ ಮೂರು ಊರುಗಳನ್ನೂ ಬೀರೂರನ್ನೂ ಗುರುತಿಸಿ. ದಾಳವನ್ನುರುಳಿಸಿ ನಲವತ್ತು ಕಲ್ಪಿತ ಆಟಗಾರರನ್ನು ಚೌಕಗಳಲ್ಲಿ ಚೆದುರಿಸಿ. ಮೂವರು ವಿದ್ಯಾರ್ಥಿಗಳು ಮೂರು ಕಾಲೇಜುಗಳ ತರಬೇತುದಾರರಾಗಲಿ. ಪ್ರತಿಯೊಬ್ಬನಿಗೂ ನೂರು ಬಿಲ್ಲೆಗಳಿರಲಿ. ಮೊದಲನೆಯ ಸಲ ಚೌಕಗಳ ನೇರ ದೂರದಂತೆ ವೆಚ್ಚ ಹಾಕಿ. ಎರಡನೆಯ ಸಲ ರೈಲು ಮತ್ತು ಹೆದ್ದಾರಿಗಳನ್ನು ಅನುಸರಿಸಿ ಹಾಕಿ. ಮೂರನೆಯ ಸಲ ಕಾಗದದ ಅಂಚಿನಲ್ಲಿ ಉಚಿತ ವಸತಿಯುಳ್ಳ ದೊಡ್ಡ ಕಾಲೇಜೊಂದನ್ನು ಸೇರಿಸಿ. ಪ್ರತಿ ಸಲವೂ ಯಾರಿಗೆ ಎಷ್ಟು ಆಟಗಾರರು ದೊರೆತರೆಂಬುದನ್ನು ಬರೆದಿಡಿ. ಜೊತೆಗೆ, ಯಾರೂ ಹೋಗಿ ನೋಡದೆ ಉಳಿದವರು ಎಷ್ಟು ಮಂದಿ, ಅವರು ಯಾವ ಚೌಕಗಳಲ್ಲಿದ್ದಾರೆ ಎಂಬುದನ್ನೂ ಬರೆದಿಡಿ. ಸಾಮಾನ್ಯವಾಗಿ ಈ ಕೊನೆಯ ಪಟ್ಟಿಯನ್ನು ಯಾರೂ ಇಡುವುದಿಲ್ಲ. ಭೂಗೋಳದ ವಿದ್ಯಾರ್ಥಿಗೂ ದೈಹಿಕ ಶಿಕ್ಷಣದ ಅಧ್ಯಾಪಕನಿಗೂ ಅತ್ಯಂತ ಉಪಯುಕ್ತವಾದ ಪಟ್ಟಿ ಅದೇ.